ಗೃಹಯಂತ್ರ ವಿಚಾರ: ಹೊಸ ಕಾರ್ಡು, ಹಳೆಯ ನಡಿಗೆ

ಈ ಅಂಕಣದಲ್ಲಿ ನೀರೆತ್ತುವ ಪಂಪು, ಅಡಿಗೆಮನೆಯ ಮಿಕ್ಸರು ಮೊದಲಾದವುಗಳ ವಿಷಯವನ್ನು ಬರೆಯುವುದು ವಾಡಿಕೆ. ಈ ಸಲ ಹುಡುಗರ ಆಟದ ಕಂಪ್ಯೂಟರನ್ನು ಕುರಿತು ಬರೆಯಬೇಕಾಗಿ ಬಂದಿದೆ. ಇದು ತಮಗೆ ಸಂಬಂಧಪಟ್ಟುದಲ್ಲವೆಂದು ಹಿರಿಯರು ಹಾಳೆಯನ್ನು ಮಗುಚಬಾರದಾಗಿ ಬೇಡುತ್ತೇನೆ. ಏಕೆಂದರೆ ಈ ಸಂಗತಿಯಲ್ಲಿ ಮನೆಯ ಹಣವೂ ಉಂಟು, ತಂದೆಮಕ್ಕಳ ನಡುವಣ ವಿಶ್ವಾಸವೂ ಉಂಟು.

ನನ್ನ ತಂಗಿಯ ಮಗನು ಕಾಲೇಜಿನಲ್ಲಿ ಓದುತ್ತಿರುವವನು. ನೆರೆಮನೆಯ ಮಕ್ಕಳಿಗೆ ಎರಡು ವರ್ಷ ಪಾಠ ಹೇಳಿ ಕೂಡಿಸಿದ ಹಣದಿಂದ ತನ್ನ ಕಂಪ್ಯೂಟರಿಗೆ ಹೊಸ ಗ್ರಾಫಿಕ್ಸ್ ಕಾರ್ಡನ್ನು ತಂದನು. ಹಳೆಯದು 2016ರಲ್ಲಿ ಬಂದ ಜಿಟಿಎಕ್ಸ್ 1050 ಟಿಐ; ಹೊಸದು 2021ರಲ್ಲಿ ಬಂದ ಆರ್‌ಟಿಎಕ್ಸ್ 3060. ಬಲದಲ್ಲಿ ಇವೆರಡಕ್ಕೂ ಅಜಗಜಾಂತರ. ಆದರೆ ಆಟವನ್ನು ತೆರೆದು ನೋಡಲಾಗಿ, ಮೊದಲು ಸೆಕೆಂಡಿಗೆ 50ರಷ್ಟು ಮೂಡುತ್ತಿದ್ದ ಚಿತ್ರಗಳು ಈಗ 55 ಆಗಿದ್ದವು, ಅಷ್ಟೆ. ಜನಸಂದಣಿಯ ಪೇಟೆಬೀದಿ ತೆರೆಯ ಮೇಲೆ ಬಂದಿತೆಂದರೆ ಆಟವು ಮೊದಲಿನಂತೆಯೇ ಮುಗ್ಗರಿಸುತ್ತಿದ್ದಿತು. ಅಂಗಡಿಯವನು ಮೋಸ ಮಾಡಿದನೆಂದು ಸ್ನೇಹಿತರು ಹೇಳಿದರು. "ನಾನು ಮೊದಲೇ ಹೇಳಲಿಲ್ಲವೇ?" ಎಂದು ತಂದೆಯವರು ನುಡಿದರು, ಅಲ್ಲಿಗೆ ಮಾತು ಮುರಿಯಿತು. ಹುಡುಗನು ಈ ಕಾರ್ಡನ್ನು ಸಿಕ್ಕಿದ ಬೆಲೆಗೆ ಮಾರಿ, ಸಾಲ ಮಾಡಿಯಾದರೂ ಇದಕ್ಕಿಂತ ದೊಡ್ಡದನ್ನು ತರಬೇಕೆಂದು ನಿಶ್ಚಯಿಸಿದನು. ತಂಗಿಯು ಫೋನು ಮಾಡಿ, "ಅಣ್ಣಾ, ಎರಡು ದಿನದಿಂದ ಇಬ್ಬರೂ ಜೊತೆಯಲ್ಲಿ ಊಟಕ್ಕೆ ಕೂತಿಲ್ಲ. ನೀನು ಒಮ್ಮೆ ಬಂದು ನೋಡು" ಎಂದಳು.

ನಾನು ಹೋದೆನು. ಇಂಥ ಸಂದರ್ಭದಲ್ಲಿ ಖರ್ಚಿಲ್ಲದ ಪರೀಕ್ಷೆಗಳನ್ನು ಮೊದಲು ಮಾಡತಕ್ಕದ್ದು.

ಮೊದಲನೆಯದು ಕೇಬಲ್ಲು. ಮಾನಿಟರಿನ ಕೇಬಲ್ಲನ್ನು ಹೊಸ ಕಾರ್ಡಿಗೆ ಸಿಕ್ಕಿಸದೆ ಮದರ್‌ಬೋರ್ಡಿಗೆ ಸಿಕ್ಕಿಸಿಬಿಟ್ಟು, ಕಾರ್ಡು ಸುಮ್ಮನೆ ಕುಳಿತಿರುವುದು ಹಲವು ಮನೆಗಳಲ್ಲಿ ನಡೆಯುವ ತಪ್ಪು. ಎರಡನೆಯದು ವಿದ್ಯುತ್ತು. ಮದರ್‌ಬೋರ್ಡಿನ ಸ್ಲಾಟು ಹೆಚ್ಚೆಂದರೆ 75 ವಾಟ್ ಕೊಡಬಲ್ಲದು. ಹಳೆಯ ಕಾರ್ಡಿಗೆ ಅಷ್ಟೇ ಸಾಕಾಗಿದ್ದಿತು. ಹೊಸದಕ್ಕೆ 170 ವಾಟ್ ಬೇಕು. ಉಳಿದದ್ದು ಪವರ್ ಸಪ್ಲೈಯಿಂದ 8 ಪಿನ್ನಿನ ಬೇರೆ ತಂತಿಯ ಮೂಲಕ ಬರಬೇಕು. ಅದಿಲ್ಲವೆಂದು ಕಂಡಕಂಡ ತಂತಿಗಳನ್ನು ಜೋಡಿಸಿ ಕೆಲಸ ಸಾಗಿಸುವುದು ಅಪಾಯಕರ. ಮೂರನೆಯದು, ಕಾರ್ಡು ಪ್ರೊಸೆಸರಿಗೆ ಹತ್ತಿರದ ಉದ್ದನೆಯ ಸ್ಲಾಟಿನಲ್ಲಿ ಪೂರ್ತಿಯಾಗಿ ಕೂತಿದೆಯೇ ಎಂಬುದು. ನಾಲ್ಕನೆಯದು, ಹಳೆಯ ಡ್ರೈವರನ್ನು ತೆಗೆದು ಹೊಸದನ್ನು ಹಾಕಿದೆಯೇ ಎಂಬುದು. ಐದನೆಯದು, ಚಿತ್ರಗಳ ಸಂಖ್ಯೆ ಸರಿಯಾಗಿ 60ರಲ್ಲಿಯೇ ಅಲುಗದೆ ನಿಂತಿದ್ದರೆ, ಅದು ಮಾನಿಟರಿನ ವೇಗವೋ ಆಟದೊಳಗಿನ ವಿ-ಸಿಂಕ್ ಎಂಬ ಕಟ್ಟೋ ಆಗಿರಬಹುದು. ಪೆಟ್ಟಿಗೆಯನ್ನು ತೆರೆಯುವ ಮೊದಲು ಕರೆಂಟನ್ನು ತೆಗೆದು ಪ್ಲಗ್ಗನ್ನು ಕೀಳಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ನಮ್ಮ ಹುಡುಗನ ಯಂತ್ರದಲ್ಲಿ ಇವೆಲ್ಲವೂ ಸರಿಯಾಗಿದ್ದವು. ಹಾಗಾದರೆ ದೋಷವೆಲ್ಲಿ?

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. ಹಬ್ಬದ ದಿನ ಹೋಳಿಗೆ ಮಾಡುವಾಗ ಒಬ್ಬರು ತಟ್ಟಿ ಕೊಡುತ್ತಾರೆ, ಇನ್ನೊಬ್ಬರು ಬೇಯಿಸುತ್ತಾರೆ. ತಟ್ಟುವವರ ಕೈ ನಿಧಾನವಾಗಿದ್ದರೆ ಎಷ್ಟು ದೊಡ್ಡ ಕಾವಲಿಯನ್ನು ತಂದಿಟ್ಟರೂ ಹೋಳಿಗೆಗಳು ಬೇಗ ಬೇಗ ಬರಲಾರವು. ಆಟದಲ್ಲಿಯೂ ಹೀಗೆಯೇ. ಯಾರು ಎಲ್ಲಿ ನಿಂತಿದ್ದಾರೆ, ಯಾವ ಗಾಡಿ ಎತ್ತ ಓಡುತ್ತಿದೆ ಎಂಬುದನ್ನು ಲೆಕ್ಕ ಹಾಕಿ ಒಪ್ಪಿಸುವುದು ಪ್ರೊಸೆಸರು. ಅದನ್ನು ಚಿತ್ರವಾಗಿ ಬರೆಯುವುದು ಕಾರ್ಡು. ಸೆಕೆಂಡಿಗೆ 60 ಚಿತ್ರ ಬೇಕೆಂದರೆ, ಇಬ್ಬರೂ ತಮ್ಮ ತಮ್ಮ ಪಾಲಿನ ಕೆಲಸವನ್ನು ಚಿತ್ರವೊಂದಕ್ಕೆ ಸುಮಾರು 16.7 ಮಿಲಿಸೆಕೆಂಡಿನೊಳಗೆ ಮುಗಿಸಬೇಕು.

ಈ ಇಬ್ಬರಲ್ಲಿ ನಿಧಾನ ಯಾರದೆಂದು ತಿಳಿಯಲು ಸುಲಭವಾದ ಉಪಾಯವುಂಟು. ಆಟದ ಚಿತ್ರದ ಅಳತೆಯನ್ನು ತಗ್ಗಿಸಿ ನೋಡುವುದು. ಬರೆಯುವ ಕೆಲಸ ಕಡಿಮೆಯಾದಾಗ ವೇಗವು ಏರಿದರೆ ಕಾರ್ಡೇ ಬಳಲುತ್ತಿದ್ದಿತೆಂದು ಅರ್ಥ. ಏರದಿದ್ದರೆ ತಡವು ಪ್ರೊಸೆಸರಿನದು ಅಥವಾ ಮೆಮೊರಿಯದು. 1920ಕ್ಕೆ 1080ರ ಅಳತೆಯನ್ನು 1280ಕ್ಕೆ 720ಕ್ಕೆ ಇಳಿಸಿದೆವು. ಸಂಖ್ಯೆಯು 55ರಿಂದ ಕದಲಲಿಲ್ಲ. ಮೊದಲಿನ ಅಳತೆಗೇ ತಂದು ಟಾಸ್ಕ್ ಮ್ಯಾನೇಜರನ್ನು ತೆರೆದು ನೋಡಲಾಗಿ, ಹೊಸ ಕಾರ್ಡು ತನ್ನ ಶಕ್ತಿಯಲ್ಲಿ ಅರ್ಧವನ್ನೂ ಬಳಸುತ್ತಿರಲಿಲ್ಲ. 2017ರಲ್ಲಿ ಬಂದ ಐ5-7400 ಪ್ರೊಸೆಸರಿನ ನಾಲ್ಕು ಕೋರುಗಳೂ ನೂರಕ್ಕೆ ನೂರು ದುಡಿಯುತ್ತಿದ್ದವು.

ಅಷ್ಟು ಹೊತ್ತಿಗೆ ತಂದೆಯವರು ಪತ್ರಿಕೆಯನ್ನು ಮಡಿಸಿಟ್ಟು ನಮ್ಮ ಹಿಂದೆ ಬಂದು ನಿಂತಿದ್ದರು. "ಹಾಗಾದರೆ ಅಂಗಡಿಯವನು ಮೋಸ ಮಾಡಲಿಲ್ಲವೇ?" ಎಂದು ಕೇಳಿದರು. "ಇಲ್ಲ. ನಿಮ್ಮ ಮಗನು ತಂದದ್ದು ಒಳ್ಳೆಯ ಪದಾರ್ಥವೇ. ಅದಕ್ಕೆ ಕೆಲಸ ಒದಗಿಸುವವರು ಸಾಲದು" ಎಂದೆನು.

ಪೆಟ್ಟಿಗೆಯೊಳಗೆ ಇನ್ನೊಂದು ಕೊರತೆಯೂ ಕಂಡಿತು. 8 ಜಿಬಿಯ ರ್ಯಾಮ್ ಪಟ್ಟಿ ಒಂದೇ ಇದ್ದಿತು. 2400ರ ವೇಗದ ಡಿಡಿಆರ್4 ಪಟ್ಟಿಯೊಂದರಿಂದ ಸೆಕೆಂಡಿಗೆ 19.2 ಜಿಬಿ ಮಾಹಿತಿ ಹರಿಯಬಲ್ಲದು. ಎರಡು ಪಟ್ಟಿಗಳನ್ನು ಸರಿಯಾದ ಜೋಡಿ ಸ್ಲಾಟುಗಳಲ್ಲಿ ಕೂಡಿಸಿದರೆ ದಾರಿಯು ಇಮ್ಮಡಿಯಾಗಿ 38.4 ಜಿಬಿ. ಇದಲ್ಲದೆ ಈಚಿನ ಆಟಗಳಿಗೆ 8 ಜಿಬಿ ಸಾಲದೆ, ಮಾಹಿತಿಯು ಡಿಸ್ಕಿಗೆ ಹೋಗಿ ಬರುವಂತಾಗಿ ಆಟವು ಮುಗ್ಗರಿಸುತ್ತದೆ.

ಮರುದಿನ ತಂದೆಮಗ ಇಬ್ಬರೂ ಜೊತೆಯಾಗಿಯೇ ಹೋಗಿ ಅದೇ ಜಾತಿಯ ಇನ್ನೊಂದು ಪಟ್ಟಿಯನ್ನು ತಂದರು. ಹಣವನ್ನು ಯಾರು ಕೊಟ್ಟರೆಂದು ನಾನು ಕೇಳಲಿಲ್ಲ. ತಂಗಿಯು ನಕ್ಕುದರಿಂದ ತಿಳಿದುಕೊಂಡೆನು. ಮುಗ್ಗರಿಸುವುದು ಬಹುಮಟ್ಟಿಗೆ ನಿಂತಿತು. ಸಂಖ್ಯೆಯು 65ರ ಸುತ್ತಮುತ್ತ ನಿಂತಿತು. ಮಹತ್ತಾದ ಏರಿಕೆಯೇನೂ ಅಲ್ಲ. ಆದರೆ ಕಾರ್ಡಿನಲ್ಲಿ ಶಕ್ತಿಯು ಮಿಕ್ಕಿದ್ದುದರಿಂದ ನೆರಳು, ಬಣ್ಣ, ನುಣುಪುಗಳ ಮಟ್ಟವನ್ನು ಏರಿಸಿದೆವು. ವೇಗವು ಇಳಿಯಲಿಲ್ಲ, ನೋಟ ಮಾತ್ರ ಬೇರೆಯೇ ಆಯಿತು. ಹಳೆಯ ಕಾರ್ಡಿನಲ್ಲಿ ಇದು ಸಾಧ್ಯವಿರಲಿಲ್ಲ. ಕೊಟ್ಟ ಹಣಕ್ಕೆ ಫಲವು ದೊರೆತದ್ದು ಇಲ್ಲಿ.

ಮುಂದೆ ಅನುಕೂಲವಾದಾಗ ಇದೇ ಮದರ್‌ಬೋರ್ಡಿಗೆ ಒಪ್ಪುವ ಐ7-7700ನ್ನು ಹಾಕಬಹುದು. ಅದರಲ್ಲಿಯೂ ಕೋರುಗಳು ನಾಲ್ಕೇ ಆದರೂ ಅವು ಒಮ್ಮೆಗೆ ಎಂಟು ಕೆಲಸಗಳನ್ನು ಹಿಡಿಯಬಲ್ಲವು. ಎಂಟನೆಯ ಪೀಳಿಗೆಯ ಪ್ರೊಸೆಸರುಗಳ ಸಾಕೆಟ್ಟಿನ ಹೆಸರು ಒಂದೇ ಆದರೂ ಅವು ಈ ಬೋರ್ಡಿನಲ್ಲಿ ನಡೆಯುವುದಿಲ್ಲ. ಹೆಸರನ್ನು ಮಾತ್ರ ನೋಡಿ ಕೊಂಡು ಹಲವರು ಮೋಸಹೋಗಿದ್ದಾರೆ.

ಮಕ್ಕಳು ಹೊಸ ಕಾರ್ಡನ್ನು ಕೇಳಿದಾಗ, ಹಿರಿಯರು ಬೇಡವೆನ್ನುವ ಮೊದಲು, ಮಕ್ಕಳು ಹಣವನ್ನು ಎಣಿಸುವ ಮೊದಲು, ಈ ಅಳತೆಯ ಪರೀಕ್ಷೆಯನ್ನು ಇಬ್ಬರೂ ಕೂತು ಮಾಡಿ ನೋಡಲಿ. ಇದಕ್ಕೆ ಕಾಲು ಗಂಟೆ ಸಾಕು. ಆ ಹುಡುಗನು ಈಗ ಸಾಲದ ಮಾತನ್ನು ಎತ್ತುವುದಿಲ್ಲ. ಅವನ ತಂದೆಯವರು ಆಟವಾಡುವುದಿಲ್ಲವಾದರೂ, ಸಂಜೆಯ ಹೊತ್ತು ಬಂದು "ಈಗ ಎಷ್ಟು ಬರುತ್ತಿದೆ?" ಎಂದು ಕೇಳಿ ಹೋಗುತ್ತಾರೆಂದು ತಂಗಿಯು ಹೇಳುತ್ತಾಳೆ.