ರಾಮರಾಯನ ಸೊಕ್ಕು, ಹಂಪಿಯ ಹಾಳು

ಗಿರೀಶ ಕಾರ್ನಾಡರ ಕೊನೆಯ ನಾಟಕ ‘ರಾಕ್ಷಸ-ತಂಗಡಿ’ 2018ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆಯಿಂದ ಹೊರಬಂತು. ಅದರ ನಾಯಕ ಅಳಿಯ ರಾಮರಾಯ: ಕೃಷ್ಣದೇವರಾಯನ ಅಳಿಯ, ಪಟ್ಟದ ಹಕ್ಕಿಲ್ಲದೆ ಇಪ್ಪತ್ತು ವರ್ಷ ವಿಜಯನಗರವನ್ನು ಆಳಿದವನು, 1565ರ ಜನವರಿಯಲ್ಲಿ ಕೃಷ್ಣಾ ತೀರದ ಯುದ್ಧದಲ್ಲಿ ತಲೆ ಕಳೆದುಕೊಂಡವನು. ಈ ಕಥೆ ಧಾರವಾಡಕ್ಕೆ ಪರಕೀಯವಲ್ಲ. 1905ರಲ್ಲಿ ವಿಜಯನಗರದ ರಾಜಧಾನಿ ಹಂಪಿಯ ಹಾಳನ್ನು ಕಂಡು ಬಂದ ಧಾರವಾಡದ ಆಲೂರ ವೆಂಕಟರಾಯರು ಕರ್ನಾಟಕ ಏಕೀಕರಣಕ್ಕೆ ಬಾಳನ್ನೇ ಒಪ್ಪಿಸಿದರು. ಆ ಹಾಳಿಗೆ ಹೊಣೆ ಯಾರು?

ರಾಮರಾಯನ ಸೊಕ್ಕು ಎನ್ನುವವರ ಮಾತಿನಲ್ಲಿ ಹುರುಳಿದೆ. ದಖ್ಖಣದ ಸುಲ್ತಾನರ ಜಗಳದಲ್ಲಿ ಇಂದು ಒಬ್ಬನ, ನಾಳೆ ಇನ್ನೊಬ್ಬನ ಪಕ್ಷ ಹಿಡಿದು ತನ್ನ ಸೀಮೆ ಬೆಳೆಸಿಕೊಂಡವನು ಆತ. ರಾಮರಾಯ ಮಗನನ್ನು ಕಳೆದುಕೊಂಡಾಗ ವಿಜಾಪುರದ ಅಲಿ ಆದಿಲಶಾಹ ವಿಜಯನಗರಕ್ಕೇ ಬಂದು ಸಂತೈಸಿದ. ಹೊರಡುವಾಗ ರಾಮರಾಯ ನಾಲ್ಕು ಹೆಜ್ಜೆ ಜೊತೆಗೆ ಬಂದು ಕಳಿಸಲಿಲ್ಲ ಎಂದು ಇತಿಹಾಸಕಾರ ಫರಿಶ್ತಾ ಬರೆಯುತ್ತಾನೆ. ಅಹಮದನಗರದ ಹುಸೇನ ನಿಜಾಮಶಾಹನಂತೂ ಸೋತು, ತಾನೇ ಬಂದು ರಾಮರಾಯನ ಕೈಯಿಂದ ವೀಳ್ಯ ತೆಗೆದುಕೊಳ್ಳಬೇಕಾಯಿತಂತೆ. ಇಂಥ ಅವಮಾನಗಳೇ ಹಗೆಗಳನ್ನು ಬೀಗರನ್ನಾಗಿ ಮಾಡಿದವು. ನಿಜಾಮಶಾಹ ಮಗಳು ಚಾಂದಬೀಬಿಯನ್ನು ಸೋಲಾಪುರದ ಕೋಟೆ ಸಮೇತ ಆದಿಲಶಾಹನಿಗೆ ಧಾರೆಯೆರೆದ. ಹೀಗೆ ಒಂದಾದ ಸುಲ್ತಾನರೇ ರಾಮರಾಯನ ಮೇಲೆ ಯುದ್ಧಕ್ಕೆ ಬಂದರು.

ಆದರೆ ಫರಿಶ್ತಾ ಯುದ್ಧ ಮುಗಿದು ಸುಮಾರು 40 ವರ್ಷದ ಮೇಲೆ ವಿಜಾಪುರದ ಆಶ್ರಯದಲ್ಲಿದ್ದು ಬರೆದವನು. ಗೆದ್ದವರ ಅಂಗಳದಲ್ಲಿ ಸೋತವನ ಸೊಕ್ಕಿನ ಕಥೆಗಳು ಬೆಳೆಯುತ್ತಲೇ ಇರುತ್ತವೆ. ರಾಮರಾಯ ಗೆದ್ದಿದ್ದರೆ ಇದೇ ವೀಳ್ಯದ ಕಥೆಯನ್ನು ನಾವು ಹೆಮ್ಮೆಯಿಂದ ಹೇಳುತ್ತಿದ್ದೆವು. ಕಣದಲ್ಲಿ ನಡೆದದ್ದಕ್ಕೂ ಸ್ವಭಾವಕ್ಕೂ ನಂಟು ಕಡಿಮೆ. ನಿಜಾಮಶಾಹಿ ತೋಪುಗಳು ತಾಮ್ರದ ಕಾಸುಗಳನ್ನೇ ತುಂಬಿಕೊಂಡು ಹತ್ತಿರದಿಂದ ಉಗುಳಿದವು ಎಂದು ಅದೇ ಫರಿಶ್ತಾ ಹೇಳುತ್ತಾನೆ. 1567ರಲ್ಲಿ ವಿಜಯನಗರಕ್ಕೆ ಬಂದ ವೆನಿಸ್ಸಿನ ಸೀಸರ್ ಫ್ರೆಡರಿಕ್, ರಾಮರಾಯನದೇ ಇಬ್ಬರು ಸೇನಾನಿಗಳು ನಡುಯುದ್ಧದಲ್ಲಿ ತಿರುಗಿಬಿದ್ದರೆಂದು ಬರೆದಿಟ್ಟಿದ್ದಾನೆ. ಎಂಬತ್ತರ ಆಸುಪಾಸಿನಲ್ಲಿ ತಾನೇ ಕಣಕ್ಕಿಳಿದ ಮುದುಕನನ್ನು ಬರಿಯ ಸೊಕ್ಕಿನವನೆಂದು ತಳ್ಳಿಹಾಕಲು ನನ್ನ ಮನಸ್ಸು ಒಪ್ಪುವುದಿಲ್ಲ. ದುರಂತ ನಾಯಕ ದುಷ್ಟನಾಗಿರಬಾರದು, ಅವನದೇ ಒಂದು ತಪ್ಪು ಅವನನ್ನು ಕೆಡವಬೇಕು ಎಂದ ಅರಿಸ್ಟಾಟಲ್. ಹಾಗಾದರೆ ರಾಮರಾಯನ ಆ ಒಂದು ತಪ್ಪು ಯಾವುದು?

ಅದನ್ನು ಯುದ್ಧದ ಮಾರನೆಯ ದಿನಗಳಲ್ಲಿ ಹುಡುಕಬೇಕು ಎನಿಸುತ್ತದೆ. ಒಂದು ಕಾಳಗ ಸೋತ ರಾಜಧಾನಿ ಬಾಗಿಲಿಕ್ಕಿಕೊಂಡು ಕಾದಬಹುದಿತ್ತು. 1443ರಲ್ಲಿ ಬಂದ ಪರ್ಷಿಯನ್ ರಾಯಭಾರಿ ಅಬ್ದುರ್ ರಜಾಕ್ ಅದರ ಏಳು ಸುತ್ತಿನ ಕೋಟೆಯನ್ನು ಕಂಡು ಬೆರಗಾಗಿದ್ದ. ಗೋಡೆಗಳಿದ್ದವು, ನಿಂತು ಕಾಯುವವರಿರಲಿಲ್ಲ. ಪಟ್ಟದ ಅರಸ ಸದಾಶಿವರಾಯನನ್ನು ರಾಮರಾಯ ವರ್ಷಗಟ್ಟಲೆ ಕಾವಲಿನಲ್ಲಿಟ್ಟಿದ್ದ. ಹಳೆಯ ಅಧಿಕಾರಿಗಳ ಜಾಗಕ್ಕೆ ತನ್ನ ನಂಟರನ್ನು ತಂದಿದ್ದ, ದಂಡು ದರಬಾರು ಎರಡನ್ನೂ ತಾನೂ ತಮ್ಮಂದಿರೂ ಹಂಚಿಕೊಂಡಿದ್ದರು. ಅವನ ತಲೆ ಬಿದ್ದೊಡನೆ ಅಪ್ಪಣೆ ಕೊಡುವವರೇ ಇಲ್ಲವಾದರು. ತಮ್ಮ ತಿರುಮಲ ಬೊಕ್ಕಸವನ್ನು ನೂರಾರು ಆನೆಗಳ ಮೇಲೆ ಹೇರಿ, ಸದಾಶಿವನನ್ನೂ ಕರೆದುಕೊಂಡು ಪೆನುಕೊಂಡೆಯ ದಾರಿ ಹಿಡಿದ. ಊರಿನ ಜನ ಅನಾಥರಾದರು, ಲೂಟಿ ತಿಂಗಳುಗಟ್ಟಲೆ ನಡೆಯಿತು.

ಸುಲ್ತಾನರ ಆಟವನ್ನು ಅಷ್ಟು ಬಲ್ಲ ರಾಮರಾಯ ತಾನಿಲ್ಲದ ರಾಜ್ಯವನ್ನು ಮಾತ್ರ ಒಮ್ಮೆಯೂ ನೆನೆಯಲಿಲ್ಲ. ಅವನ ಸಾವಿಗೆ ತೋಪನ್ನೂ ದ್ರೋಹವನ್ನೂ ದೂರಬಹುದು. ಹಂಪಿಯ ಹಾಳಿಗೆ ಸುಟ್ಟವರ ಜೊತೆ ಅವನೂ ಹೊಣೆ.