ಕರುಣೆಗೂ ಕಲಿಕೆ ಬೇಕು

2009ರ ಫೆಬ್ರವರಿಯಲ್ಲಿ ವಿಕ್ಟೋರಿಯಾದ ಅಗ್ನಿಶಾಮಕ ಸಿಬ್ಬಂದಿಯೊಬ್ಬರು ಸುಟ್ಟ ಪಾದಗಳ ಕೊಆಲಾ ಒಂದಕ್ಕೆ ಬಾಟಲಿಯಿಂದ ನೀರು ಕುಡಿಸಿದ ಚಿತ್ರವನ್ನು ನಮ್ಮಲ್ಲಿ ಅನೇಕರು ನೋಡಿದ್ದೇವೆ. 2019-20ರ ಕಾಳ್ಗಿಚ್ಚಿನಲ್ಲಿ ಸುಮಾರು 300 ಕೋಟಿ ಪ್ರಾಣಿಗಳು ಸತ್ತವು ಇಲ್ಲವೇ ನೆಲೆ ಕಳೆದುಕೊಂಡವು ಎಂಬ ಅಂದಾಜು ಬಂದಾಗಲೂ ನಮ್ಮೆಲ್ಲರ ಮನ ಕರಗಿತು. ಮನ ಕರಗಿದರೆ ಸಾಕೇ? ಸಾಲದು ಎಂಬುದೇ ನಮ್ಮ ಅಭಿಪ್ರಾಯ.

ಬಾಯಾರಿ ಬಂದವರಿಗೆ ನೀರು, ಹಸಿದ ಮರಿಗೆ ಹಾಲು ಕೊಡುವುದು ನಮ್ಮ ಮನೆಗಳ ರೂಢಿ. ಕಾಡುಪ್ರಾಣಿಗಳ ವಿಷಯದಲ್ಲಿ ಅದೇ ಅಪಾಯವಾಗಬಹುದು. ಕೊಆಲಾದ ಬಾಯಿಗೆ ನೀರು ಸುರಿದರೆ ಅದು ಶ್ವಾಸಕೋಶಕ್ಕೆ ಇಳಿದು ಪ್ರಾಣವೇ ಹೋಗಬಹುದು. ಬಟ್ಟಲಲ್ಲಿ ನೀರಿಟ್ಟು ದೂರ ಸರಿಯಬೇಕು. ಕಾಂಗರೂ ಮರಿಗೆ ಹಸುವಿನ ಹಾಲು ಒಗ್ಗುವುದಿಲ್ಲ. ಸತ್ತ ತಾಯಿಯ ಚೀಲದಲ್ಲಿ ಮೊಲೆ ಕಚ್ಚಿಕೊಂಡಿರುವ ಮರಿಯನ್ನು ಎಳೆದರೆ ಅದರ ಬಾಯಿಗೆ ಗಾಯವಾಗುತ್ತದೆ. ಸುಟ್ಟ ಕಾಡಿನೊಳಗೆ ನಾವಾಗಿಯೇ ನುಗ್ಗುವುದೂ ತಪ್ಪು. ಮರಗಳು ಯಾವಾಗ ಉರುಳುತ್ತವೆಯೋ ಹೇಳಲಾಗದು. ಗಾಯಗೊಂಡ ಪ್ರಾಣಿ ಕಂಡರೆ ಮೊದಲು ವಿಕ್ಟೋರಿಯಾದಲ್ಲಿ 'ವೈಲ್ಡ್‌ಲೈಫ್ ವಿಕ್ಟೋರಿಯಾ', ನ್ಯೂ ಸೌತ್ ವೇಲ್ಸ್‌ನಲ್ಲಿ 'ವೈರ್ಸ್' ನಂತಹ ಸಂಸ್ಥೆಗೆ ಫೋನ್ ಮಾಡಿ, ಅವರು ಹೇಳಿದಷ್ಟನ್ನೇ ಮಾಡೋಣ.

ಇನ್ನೊಂದು ಕಷ್ಟದ ಮಾತಿದೆ. 2019ರ ನವೆಂಬರಿನಲ್ಲಿ ಮಹಿಳೆಯೊಬ್ಬರು ತಮ್ಮ ಅಂಗಿಯನ್ನೇ ಬಿಚ್ಚಿ ಸುತ್ತಿ, ಬೆಂಕಿಯಿಂದ ಹೊರತಂದ 'ಲೂಯಿಸ್' ಎಂಬ ಕೊಆಲಾವನ್ನು ಪೋರ್ಟ್ ಮ್ಯಾಕ್ವಾರಿಯ ಕೊಆಲಾ ಆಸ್ಪತ್ರೆಗೆ ಸೇರಿಸಲಾಯಿತು. ಗಾಯಗಳು ವಾಸಿಯಾಗುವ ಆಸೆ ಉಳಿಯದಿದ್ದಾಗ ವೈದ್ಯರು ಅದಕ್ಕೆ ನೋವಿಲ್ಲದ ಸಾವು ಕೊಟ್ಟರು. "ಕಾಪಾಡಲೆಂದು ತಂದ ಮೇಲೆ ಕೊಂದದ್ದೇಕೆ?" ಎಂದು ಮಕ್ಕಳು ಕೇಳಿದರೆ, ಹೆತ್ತವರಾದ ನಾವು "ಅದು ಕಾಡಿಗೆ ಹೋಯಿತು" ಎಂದು ಸುಳ್ಳು ಹೇಳಿ ಜಾರಿಕೊಳ್ಳಬಾರದು. ಅಹಿಂಸೆಯ ಮಾತು ಕೇಳುತ್ತಾ ಬೆಳೆದ ನಮಗೆ ಇದನ್ನು ಒಪ್ಪುವುದು ಸುಲಭವಲ್ಲ, ನಿಜ. ಆದರೆ ಮರ ಹತ್ತಲಾರದ, ಮತ್ತೆ ಕಾಡಿಗೆ ಮರಳಲಾರದ ಜೀವದ ನರಳಾಟವನ್ನು ನಮ್ಮ ಸಮಾಧಾನಕ್ಕಾಗಿ ಉದ್ದ ಮಾಡುವುದೂ ಹಿಂಸೆಯೇ ಅಲ್ಲವೇ? ಯಾವುದನ್ನು ಉಳಿಸಬಹುದು, ಯಾವುದನ್ನು ಬೀಳ್ಕೊಡಬೇಕು ಎಂದು ನಿರ್ಧರಿಸುವವರು ಪಶುವೈದ್ಯರು. ಆ ಭಾರ ಹೊತ್ತವರನ್ನು ನಾವು ಗೌರವಿಸಬೇಕು.

2020ರ ಜನವರಿಯಲ್ಲಿ ದೇಶವಿದೇಶಗಳ ಜನ ಪ್ರಾಣಿಗಳಿಗಾಗಿ ಹೆಣೆದ ಕೈಗವಸು, ಚೀಲಗಳು ರಾಶಿ ಬಿದ್ದು, ಕೊನೆಗೆ "ಸಾಕು" ಎನ್ನಬೇಕಾಯಿತು. ಕೊಡುವ ಮುನ್ನ ಏನು ಬೇಕೆಂದು ಕೇಳುವುದೂ ಸೇವೆಯೇ.

ಆದ್ದರಿಂದ ಮುಂದಿನ ಬೇಸಿಗೆಗೆ ಮುನ್ನ ಮೂರು ಕೆಲಸ ಮಾಡೋಣ. ರಕ್ಷಣಾ ಸಂಸ್ಥೆಯ ನಂಬರನ್ನು ಮನೆಯ ಫ್ರಿಜ್ಜಿನ ಮೇಲೆ ಅಂಟಿಸೋಣ. ಕಾರಿನಲ್ಲಿ ಒಂದು ಟವೆಲ್ಲು, ಒಂದು ರಟ್ಟಿನ ಪೆಟ್ಟಿಗೆ ಇಡೋಣ. ಬಿಡುವಿರುವ ಹಿರಿಯರು ತರಬೇತಿಗೆ ಸೇರೋಣ. ನಮಗೆ ನೆಲೆ ಕೊಟ್ಟ ಈ ನಾಡಿನ ಮೂಕಜೀವಿಗಳಿಗೆ ಇಷ್ಟನ್ನಾದರೂ ಮಾಡುವುದು ನಮ್ಮ ಕರ್ತವ್ಯ.