ಕೆಂಪು ದೀಪ ಯಾರಿಗಾಗಿ?

ಬಸವೇಶ್ವರನಗರದಿಂದ ನಮ್ಮ ವಾಚಕರೊಬ್ಬರು ಬರೆದಿರುವರು. ಅವರ ಮಗಳು ಕೆಂಗೇರಿಯ ಕಡೆಗಿನ ಒಂದು ಸಾಫ್ಟ್‌ವೇರ್ ಕಚೇರಿಯಲ್ಲಿ ಎಂಟು ಜನರ ತಂಡಕ್ಕೆ ಮುಖ್ಯಸ್ಥಳು. ತಂಡದ ಬಿಲ್ಡ್ ಕೆಲಸವನ್ನು ತೋರಿಸುವ ಡ್ಯಾಶ್‌ಬೋರ್ಡೊಂದನ್ನು ಆರಿಸುವ ಭಾರ ಆಕೆಯ ಮೇಲೆ ಬಿದ್ದಿದೆ. ಈಗಿನ ಏರ್ಪಾಡಿನಲ್ಲಿ ಮಧ್ಯರಾತ್ರಿ ಮೂರುನಾಲ್ಕು ಸಲ ಮೊಬೈಲು ಕೂಗಿ, ಮಲಗಿದ ಮಗುವೂ ಏಳುವುದಂತೆ. ಎದ್ದು ನೋಡಿದರೆ ಬಹುಪಾಲು ಏನೂ ಇರುವುದಿಲ್ಲವಂತೆ. ಇದು ಸಂಸಾರದ ಪತ್ರಿಕೆಗೆ ತಕ್ಕ ಪ್ರಶ್ನೆಯೇ ಎಂದು ಅವರೇ ಸಂಕೋಚಪಟ್ಟಿರುವರು. ಮಗುವಿನ ನಿದ್ದೆಯನ್ನು ಕೆಡಿಸುವುದೆಲ್ಲವೂ ಸಂಸಾರದ ಪ್ರಶ್ನೆಯೆಂದೇ ನಮ್ಮ ಮತ.

ಸಾಫ್ಟ್‌ವೇರನ್ನು ಹಲವರು ಕೂಡಿ ಬರೆಯುವರು. ಒಬ್ಬೊಬ್ಬರು ತಮ್ಮ ಭಾಗವನ್ನು ಒಪ್ಪಿಸಿದೊಡನೆಯೇ ಯಂತ್ರವು ಎಲ್ಲವನ್ನೂ ತಾನಾಗಿ ಜೋಡಿಸಿ, ಪರೀಕ್ಷೆಗಳನ್ನು ನಡೆಸಿ, ಸರಿಯೋ ತಪ್ಪೋ ತಿಳಿಸುವುದು. ಈ ಜೋಡಣೆಗೇ ಬಿಲ್ಡ್ ಎಂದು ಹೆಸರು. ತಪ್ಪು ಆಗಲೇ ಗೊತ್ತಾದರೆ ಹತ್ತು ನಿಮಿಷದ ಕೆಲಸ; ಹದಿನೈದು ದಿನದ ಮೇಲೆ ಗೊತ್ತಾದರೆ ಅದರ ಮೇಲೆ ಕಟ್ಟಿದ್ದನ್ನೆಲ್ಲ ಬಿಚ್ಚಬೇಕಾಗುವುದು. ಹೆಣಿಗೆಯಲ್ಲಿ ಒಂದು ಕುಣಿಕೆ ತಪ್ಪಿದರೆ ಏನಾಗುವುದೆಂದು ಬಲ್ಲ ಸೋದರಿಯರಿಗೆ ಇದನ್ನು ವಿವರಿಸಬೇಕಾದುದಿಲ್ಲ.

ದೋಷವನ್ನು ಫಲಕದಲ್ಲಿ ತೋರಿಸುವ ವಿದ್ಯೆ ಸಾಫ್ಟ್‌ವೇರಿನವರು ಹುಟ್ಟಿಸಿದ್ದಲ್ಲ. ಕೆಂಗೇರಿಯನ್ನು ದಾಟಿ ಮೈಸೂರು ರಸ್ತೆಯಲ್ಲೇ ಮುಂದುವರಿದರೆ ಬಿಡದಿಯಲ್ಲಿ ಟೊಯೋಟ ಕಿರ್ಲೋಸ್ಕರ್ ಕಾರ್ಖಾನೆಯಿರುವುದು. 1999ರ ಡಿಸೆಂಬರಿನಲ್ಲಿ ಅಲ್ಲಿ ವಾಹನಗಳ ತಯಾರಿಕೆ ಪ್ರಾರಂಭವಾಯಿತು. ಟೊಯೋಟದವರ ಪದ್ಧತಿಯಲ್ಲಿ ಆಂಡೋನ್ ಎಂಬುದೊಂದುಂಟು. ಕೆಲಸಗಾರನು ದೋಷವನ್ನು ಕಂಡೊಡನೆ ಹಗ್ಗವನ್ನೆಳೆಯುವನು, ಮೇಲಿನ ಫಲಕದಲ್ಲಿ ಅವನ ಸ್ಥಾನದ ದೀಪ ಹತ್ತುವುದು, ಮೇಸ್ತ್ರಿ ಓಡಿಬರುವನು, ಗೊತ್ತಾದ ಅವಧಿಯೊಳಗೆ ದೋಷ ತೀರದಿದ್ದರೆ ಕೆಲಸದ ಸಾಲೇ ನಿಲ್ಲುವುದು. ಇದರ ಹಿಂದಿರುವ ತತ್ವ ಮಗ್ಗದಿಂದ ಬಂದುದು. ಸಕೀಚಿ ಟೊಯೋಡ ಎಂಬವರು 1924ರಲ್ಲಿ ಸಿದ್ಧಪಡಿಸಿದ ಮಗ್ಗವು ನೂಲು ಕಡಿದರೆ ತಾನಾಗಿ ನಿಲ್ಲುತ್ತಿತ್ತು. ನಮ್ಮ ಕಣ್ಣಿಗೆ ಈ ಏರ್ಪಾಡಿನ ಜೀವವೆಲ್ಲ ಆ ಓಡಿಬರುವ ಮೇಸ್ತ್ರಿಯಲ್ಲಿದೆ.

ಮೇಸ್ತ್ರಿಯಿಲ್ಲದೆ ದೀಪ ಹತ್ತಿದರೇನಾದೀತೆಂಬುದಕ್ಕೆ ಅಮೆರಿಕದ ಷೇರುವ್ಯಾಪಾರದ ನೈಟ್ ಕ್ಯಾಪಿಟಲ್ ಸಂಸ್ಥೆಯ ಗತಿಯೇ ಸಾಕ್ಷಿ. ಅವರ ಎಂಟು ಸರ್ವರುಗಳ ಪೈಕಿ ಒಂದಕ್ಕೆ ಹೊಸ ಸಾಫ್ಟ್‌ವೇರನ್ನು ಹಾಕುವುದು ಬಿಟ್ಟುಹೋಗಿತ್ತು. 2012ನೆಯ ಇಸವಿ ಆಗಸ್ಟ್ 1ರಂದು ಪೇಟೆ ತೆರೆಯುವುದಕ್ಕೆ ಮೊದಲೇ ಯಂತ್ರವು 97 ಇ-ಮೇಲುಗಳನ್ನು ಕಳುಹಿಸಿ ದೋಷವನ್ನು ಸೂಚಿಸಿತು. ಅವನ್ನು ಎಚ್ಚರಿಕೆಯೆಂದು ಭಾವಿಸತಕ್ಕ ಏರ್ಪಾಡೇ ಇರಲಿಲ್ಲವಾಗಿ ಯಾರೂ ಏಳಲಿಲ್ಲ. ಸುಮಾರು 45 ನಿಮಿಷಗಳ ವ್ಯಾಪಾರದಿಂದಾದ ನಷ್ಟ 46 ಕೋಟಿ ಡಾಲರಿಗೂ ಮೇಲು.

ಇನ್ನು ಆಕೆ ಆರಿಸಬೇಕಾದ ಸಾಧನಗಳ ವಿಷಯ. ಜೆಂಕಿನ್ಸ್ ಎಂಬುದನ್ನು ಬಳಸುವ ಕಚೇರಿಗಳು ಬಹಳ. ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯಲ್ಲಿದ್ದ ಜಪಾನಿನ ಕೊಹ್ಸುಕೆ ಕವಾಗುಚಿ ಎಂಬವರು 2004ರಲ್ಲಿ ಹಡ್ಸನ್ ಎಂಬ ಹೆಸರಿನಿಂದ ಇದನ್ನು ಪ್ರಾರಂಭಿಸಿದರು. 2011ರಲ್ಲಿ ಈಗಿನ ಹೆಸರಾಯಿತು. ಅದರ ಮೊದಲ ಪುಟದಲ್ಲಿಯೇ ಒಂದೊಂದು ಕೆಲಸದ ಮುಂದೆಯೂ ಬಿಸಿಲು, ಮೋಡ, ಮಳೆ, ಗುಡುಗು ಇವುಗಳ ಚಿತ್ರವಿರುವುದು. ಈಚಿನ ಐದು ಬಿಲ್ಡುಗಳಲ್ಲಿ ಎಷ್ಟು ಕೆಟ್ಟವೆಂಬುದಕ್ಕೆ ತಕ್ಕಂತೆ ಚಿತ್ರ ಬದಲಾಗುವುದು. ನಮಗಿದು ಮೆಚ್ಚಿಕೆಯಾಯಿತು, ಆದರೆ ಗೋಡೆಯ ಮೇಲಿಟ್ಟು ದೂರದಿಂದ ಓದಲು ಸಣ್ಣದು. ಬಿಲ್ಡ್ ಮಾನಿಟರ್ ಎಂಬ ಪ್ಲಗಿನನ್ನು ಸೇರಿಸಿಕೊಂಡರೆ ದೊಡ್ಡ ದೊಡ್ಡ ಚೌಕಗಳು ಬರುವುವು. ಯಾರ ಬದಲಾವಣೆಯಿಂದ ಕೆಟ್ಟಿರಬಹುದೆಂದು ಅದು ಹೆಸರು ಹಿಡಿದು ಹೇಳಬಲ್ಲುದು. ತಪ್ಪಿತಸ್ಥನ ಹೆಸರನ್ನು ಗೋಡೆಯ ಮೇಲೆ ಮೆರೆಸುವುದು ನಮಗೆ ರುಚಿಸದು. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರು ಹೆದರಿ, ಬರೆದುದನ್ನು ಒಪ್ಪಿಸುವುದನ್ನೇ ಮುಂದೂಡುವರು. ಕ್ಲೇಮ್ ಎಂಬ ಇನ್ನೊಂದು ಪ್ಲಗಿನ್ ಇದರೊಡನೆ ಕೂಡಿದರೆ, ದುರಸ್ತಿಯನ್ನು ಯಾರು ವಹಿಸಿಕೊಂಡರೆಂಬುದೂ ಚೌಕದಲ್ಲಿ ಕಾಣುವುದು. ಮೇಸ್ತ್ರಿ ಬಂದನೆಂಬ ಸುದ್ದಿಯೇ ಅದು. ಗೋಡೆಗೆ ಇದನ್ನೇ ಹಾಕಬೇಕೆಂದು ನಮ್ಮ ಸಲಹೆ.

2014ರಲ್ಲಿ ಹೊರಬಂದ ಗ್ರಫಾನಾ ನೋಡಲು ಬಹಳ ಸೊಗಸು. ಬಿಲ್ಡಿಗೆ ಹಿಡಿಯುವ ಕಾಲ ತಿಂಗಳಿಂದ ತಿಂಗಳಿಗೆ ಬೆಳೆಯುತ್ತಿದೆಯೆ ಎಂಬುದನ್ನು ಅದರ ರೇಖೆಗಳು ಚೆನ್ನಾಗಿ ತೋರಿಸುವುವು. ಸೋಮವಾರದ ಸಭೆಗೆ ಯೋಗ್ಯ. ಪುಕ್ಕಟೆ ದೊರೆಯುವುದೇನೋ ನಿಜ, ಆದರೆ ಅಂಕಿಗಳನ್ನು ಕೂಡಿಡಲು ಪ್ರಾಮಿಥಿಯಸ್‌ನಂತಹ ಬೇರೊಂದನ್ನು ನಡೆಸಬೇಕು. ದಾನಕ್ಕೆ ಬಂದ ಹಸುವಿಗೂ ಹುಲ್ಲು ಹಾಕಬೇಕಷ್ಟೆ! ತಂಡದ ಬರವಣಿಗೆಯೆಲ್ಲ ಗಿಟ್‌ಹಬ್ ಅಥವಾ ಗಿಟ್‌ಲ್ಯಾಬ್‌ನಲ್ಲಿದ್ದು ಬಿಲ್ಡೂ ಅಲ್ಲಿಯೇ ನಡೆಯುತ್ತಿದ್ದರೆ, ಎಂಟು ಜನಕ್ಕೆ ಅವುಗಳ ಸ್ವಂತ ಪುಟವೇ ಸಾಕು.

ಬಣ್ಣದ ಮಾತೊಂದು. ಹಡ್ಸನ್ನಿನಲ್ಲಿ ಗೆದ್ದ ಬಿಲ್ಡಿಗೆ ಹಸಿರಿಲ್ಲದೆ ನೀಲಿಯ ಗುಂಡು ಇರುತ್ತಿತ್ತು. ಜಪಾನಿನಲ್ಲಿ ರಸ್ತೆಯ ಹಸಿರು ದೀಪವನ್ನೂ ನೀಲಿಯೆಂದೇ ಕರೆಯುವರು. ಕೆಂಪು ಹಸಿರುಗಳ ಭೇದ ತಿಳಿಯದ ಗಂಡಸರು ಕೆಲವರಿರುವುದರಿಂದ ಬಣ್ಣದ ಜೊತೆಗೆ ಗುರುತೂ ಇರುವ ಫಲಕವೇ ಮೇಲು.

ರಾತ್ರಿಯ ಕೂಗಿಗೆ ಮಾತ್ರ ಯಾವ ಸಾಧನವೂ ತಾನಾಗಿ ಮದ್ದಾಗದು. ಒಮ್ಮೆ ಕೆಟ್ಟು, ಏನನ್ನೂ ಮುಟ್ಟದೆ ಮತ್ತೆ ನಡೆಸಿದರೆ ಸರಿಹೋಗುವ ಚಂಚಲ ಪರೀಕ್ಷೆಗಳನ್ನು ದುರಸ್ತಿಯಾಗುವವರೆಗೂ ಬೇರೆ ಪಟ್ಟಿಗೆ ತೆಗೆದಿಡತಕ್ಕುದು. ಗಿರಾಕಿಗಳ ಕೈಯಲ್ಲಿರುವ ಸಾಫ್ಟ್‌ವೇರಿಗೆ ಧಕ್ಕೆಯಾದರೆ ಮಾತ್ರ ಮೊಬೈಲು ಕೂಗಲಿ, ಅದೂ ಆ ರಾತ್ರಿಯ ಸರದಿಯವರೊಬ್ಬರದು. ಮಿಕ್ಕ ಕೆಂಪೆಲ್ಲ ಬೆಳಗಿನ ಒಂಬತ್ತು ಗಂಟೆಗೆ ಕಾಯಲಿ. ಫಲಕವನ್ನು ತೂಗುಹಾಕಿದ ವಾರದಲ್ಲಿ, ಯಾರಿಗೂ ತಿಳಿಸದೆ, ಗಿರಾಕಿಗಳಿಗೆ ತಲುಪದ ಬಿಲ್ಡೊಂದನ್ನು ಬೇಕೆಂದೇ ಕೆಡಿಸಿ, ಯಾರು ಎಷ್ಟು ನಿಮಿಷಕ್ಕೆ ಎದ್ದು ಬಂದರೆಂಬುದನ್ನು ಗಡಿಯಾರ ನೋಡಿ ಬರೆದಿಟ್ಟುಕೊಳ್ಳುವಂತೆ ಮಗಳಿಗೆ ತಿಳಿಸಬೇಕಾಗಿ ಪ್ರಾರ್ಥನೆ.